ಸಿಲೋನ್ ತೋಟದ ಕೂಲಿಗಳ ಪೌರತ್ವಕ್ಕಾಗಿ ಹೋರಾಡಿದ ತೊಂಡಮಾನ್

ನೀಲಗಿರಿಯ ಗೂಡಲೂರು, ಕೋಟಗಿರಿ ಕಡೆಯ ಸರ್ಕಾರಿ ಟೀ ತೋಟಗಳಲ್ಲಿ ಸಿಲೋನ್‌ನಿಂದ ಬಂದವರ ಕುಟುಂಬಗಳಿವೆ. ಕಾಸರಗೋಡಿನ ಗಡಿಗೆ ಅಂಟಿಕೊಂಡಿರುವ ಸುಳ್ಯ ತಾಲ್ಲೂಕಿನ ರಬ್ಬರ್ ತೋಟಗಳಲ್ಲೂ ಇದ್ದಾರೆ. ಇವರ ಹಿರಿಯರು ಬಯಸಿ ಊರು ಬಿಟ್ಟವರಲ್ಲ, ಎರಡು ಸರ್ಕಾರಗಳು ಕುಳಿತು ಹಂಚಿಕೊಂಡ ಲೆಕ್ಕದಲ್ಲಿ ಇತ್ತ ಬಂದವರು. ಅತ್ತ ಉಳಿದವರಿಗೆ ಪೌರತ್ವ ಸಿಗುವವರೆಗೆ ನಾಲ್ಕು ದಶಕ ಹೋರಾಟ ನಡೆಸಿದವರು ಸೌಮ್ಯಮೂರ್ತಿ ತೊಂಡಮಾನ್.

ತೊಂಡಮಾನ್ ಹುಟ್ಟಿದ್ದು 1913ರ ಆಗಸ್ಟ್ 30ರಂದು, ಈಗಿನ ತಮಿಳುನಾಡಿನ ಶಿವಗಂಗೆ ಸೀಮೆಯ ಮುನಪುದೂರಿನಲ್ಲಿ. ತಂದೆ ಕರುಪ್ಪಯ್ಯ ಬಡತನದಿಂದಾಗಿ ಸಿಲೋನ್‌ಗೆ ಹೋಗಿ, ಕಾಫಿ-ಟೀ ತೋಟಗಳಲ್ಲಿ ದುಡಿದು ಕಂಗಾಣಿಯಾದರು. ಕೊನೆಗೆ ರಂಬೊಡ ಬಳಿಯ ವೇವೆಂಡನ್ ಎಸ್ಟೇಟಿಗೆ ತಾವೇ ಮಾಲೀಕರಾದರು. ಹನ್ನೊಂದರ ಹರೆಯದಲ್ಲಿ ತಂದೆಯನ್ನು ಸೇರಿಕೊಂಡ ಮಗ ಗಂಪೊಲದಲ್ಲಿ ಶಾಲೆ ಕಲಿತರು. 1927ರಲ್ಲಿ ಗಾಂಧೀಜಿ ಸಿಲೋನ್ ಪ್ರವಾಸ ಮಾಡಿದ್ದು ಅವರ ಮೇಲೆ ಪ್ರಭಾವ ಬೀರಿತು. 1939ರಲ್ಲಿ ನೆಹರೂ ಅಲ್ಲಿಗೆ ಹೋದಾಗ ಸಿಲೋನ್ ಇಂಡಿಯನ್ ಕಾಂಗ್ರೆಸ್ ಹುಟ್ಟಿತು. ಎಸ್ಟೇಟ್ ಧಣಿಯ ಮಗನಾಗಿದ್ದರೂ ತೊಂಡಮಾನ್ ಕೂಲಿಗಳ ಸಂಘಟನೆಗೆ ಇಳಿದರು. ತೋಟದ ಮಾಲೀಕನೇ ಕಾರ್ಮಿಕ ನಾಯಕನೆಂಬ ಟೀಕೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

1947ರ ಚುನಾವಣೆಯಲ್ಲಿ ತೋಟದ ಕೂಲಿಗಳ ಮತದಿಂದ ಅವರ ಪಕ್ಷ ಏಳು ಸ್ಥಾನ ಗೆದ್ದಿತು. ತೊಂಡಮಾನ್ ನುವರ ಎಲಿಯದಿಂದ ಸಂಸತ್ತಿಗೆ ಹೋದರು. ಆದರೆ ಈ ಮತಬಲವೇ ಹಲವರ ಕಣ್ಣು ಕುಕ್ಕಿತು. ಸ್ವಾತಂತ್ರ್ಯ ಬಂದ ವರ್ಷವೇ, 1948ರಲ್ಲಿ, ಸಿಲೋನ್ ಪೌರತ್ವ ಕಾನೂನು ಬಂತು. ಅಲ್ಲೇ ಹುಟ್ಟಿದರೆ ಸಾಲದು, ತಂದೆಯೂ ಅಲ್ಲೇ ಹುಟ್ಟಿರಬೇಕು, ಇಲ್ಲವೇ ಅಜ್ಜ ಮುತ್ತಜ್ಜ ಇಬ್ಬರೂ ಅಲ್ಲೇ ಹುಟ್ಟಿದವರಾಗಿರಬೇಕು ಎಂದಿತು ಕಾನೂನು. ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದವರು ಅಪ್ಪ ಅಜ್ಜಂದಿರ ಜನನ ದಾಖಲೆಯನ್ನು ಎಲ್ಲಿಂದ ತರಬೇಕು? ಹೀಗೆ ಸುಮಾರು ಏಳು ಲಕ್ಷ ಜನ ಒಂದೇ ಏಟಿಗೆ ಯಾವ ದೇಶಕ್ಕೂ ಸೇರದವರಾದರು. 1949ರಲ್ಲಿ ಮತದಾನದ ಹಕ್ಕೂ ಹೋಯಿತು.

ಅದೇ ವರ್ಷ ಇನ್ನೊಂದು ಕಾನೂನಿನಲ್ಲಿ ಸಣ್ಣದೊಂದು ಬಾಗಿಲು ತೆರೆಯಿತು. 1946ರ ಜನವರಿ 1ಕ್ಕೆ ಮೊದಲು ವಿವಾಹಿತರು 7 ವರ್ಷ, ಅವಿವಾಹಿತರು 10 ವರ್ಷ ಸತತವಾಗಿ ನೆಲೆಸಿದ್ದರೆ ಅರ್ಜಿ ಹಾಕಬಹುದಿತ್ತು. ಗಡುವು ಎರಡು ವರ್ಷ. ಪಕ್ಷ ಮೊದಲು ಇದನ್ನು ಬಹಿಷ್ಕರಿಸಿ, ಕೊನೆಗಾಲದಲ್ಲಿ ಅರ್ಜಿ ಹಾಕಲು ಹೇಳಿತು. ಎಂಟು ಲಕ್ಷಕ್ಕೂ ಹೆಚ್ಚು ಜನರ ಹೆಸರಿನಲ್ಲಿ ಅರ್ಜಿ ಬಿದ್ದರೂ ಪೌರತ್ವ ಸಿಕ್ಕಿದ್ದು ಸುಮಾರು 1 ಲಕ್ಷ 34 ಸಾವಿರ ಜನರಿಗೆ ಮಾತ್ರ. 1952ರಲ್ಲಿ ತೊಂಡಮಾನ್ ಮತ್ತು ಸಂಗಡಿಗರು ಕೊಲಂಬೊದಲ್ಲಿ ತಿಂಗಳುಗಟ್ಟಲೆ ಸತ್ಯಾಗ್ರಹ ಮಾಡಿದರು. ಫಲ ಸಿಗಲಿಲ್ಲ.

1964ರ ಅಕ್ಟೋಬರ್ 30ರಂದು ಪ್ರಧಾನಿಗಳಾದ ಸಿರಿಮಾವೊ ಬಂಡಾರನಾಯಕೆ ಮತ್ತು ಲಾಲ್ ಬಹಾದ್ದೂರ್ ಶಾಸ್ತ್ರಿ ಒಪ್ಪಂದಕ್ಕೆ ಸಹಿ ಹಾಕಿದರು. 9 ಲಕ್ಷ 75 ಸಾವಿರ ಜನರಲ್ಲಿ 5 ಲಕ್ಷ 25 ಸಾವಿರ ಭಾರತಕ್ಕೆ, 3 ಲಕ್ಷ ಸಿಲೋನ್‌ಗೆ. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಇಂದಿರಾ ಗಾಂಧಿ ಮತ್ತು ಸಿರಿಮಾವೊ ಸಮಪಾಲು ಮಾಡಿಕೊಂಡರು. ಜನರನ್ನು ಕೇಳದೆ ತಲೆ ಎಣಿಸಿ ಹಂಚುವುದನ್ನು ತೊಂಡಮಾನ್ ವಿರೋಧಿಸಿದ್ದರು. ಭಾರತವನ್ನು ಕಣ್ಣಲ್ಲಿ ಕಾಣದವರೂ ತಲೈಮನ್ನಾರ್‌ನಲ್ಲಿ ಹಡಗು ಹತ್ತಿ ರಾಮೇಶ್ವರಕ್ಕೆ ಬಂದಿಳಿದರು. ಅವರಿಗೆ ಕೆಲಸ ಕೊಡಲೆಂದೇ ನೀಲಗಿರಿಯಲ್ಲಿ 1968ರಿಂದ ಸರ್ಕಾರಿ ಟೀ ತೋಟಗಳು ಎದ್ದವು. ಸುಳ್ಯ, ಪುತ್ತೂರು ಕಡೆ ರಬ್ಬರ್ ತೋಟಗಳಾದವು.

ಉಳಿದವರ ದಾರಿ ಯಾವುದು? 1972ರಲ್ಲಿ ಉತ್ತರದ ತಮಿಳು ನಾಯಕರ ಜೊತೆ ಕೈಜೋಡಿಸಿದ್ದ ತೊಂಡಮಾನ್, 1976ರಲ್ಲಿ ಅವರು ಪ್ರತ್ಯೇಕ ದೇಶ ಕೇಳಿದಾಗ ದೂರ ಸರಿದರು. ತೋಟದ ಜನ ಇರುವುದು ಸಿಂಹಳೀಯರ ನಡುವಿನ ಗುಡ್ಡನಾಡಿನಲ್ಲಿ, ಅವರಿಗೆ ಬೇಕಾದದ್ದು ಹೊಸ ದೇಶವಲ್ಲ, ಇರುವ ದೇಶದ ಪೌರತ್ವ ಎಂಬುದು ಅವರ ನಿಲುವಾಗಿತ್ತು. 1977ರಲ್ಲಿ, ಮೂವತ್ತು ವರ್ಷಗಳ ಬಳಿಕ, ಮತ್ತೆ ಜನರಿಂದ ಆಯ್ಕೆಯಾದರು. ಮರುವರ್ಷ ಜಯವರ್ಧನೆ ಸಂಪುಟದಲ್ಲಿ ಮಂತ್ರಿಯಾದರು. 1983ರ ಗಲಭೆಯಲ್ಲಿ ತಮಿಳರ ಮನೆ, ಅಂಗಡಿಗಳು ಉರಿದಾಗಲೂ ಸಂಪುಟ ಬಿಡಲಿಲ್ಲ. ಇದಕ್ಕಾಗಿ ಕಟು ಟೀಕೆ ಎದುರಿಸಿದರು.

ಆದರೆ ಒಳಗಿದ್ದುಕೊಂಡೇ ಪಟ್ಟು ಹಿಡಿಯುವುದು ಅವರ ರೀತಿ. 1984ರ ಮುಷ್ಕರದ ನಂತರ ತೋಟದ ಹೆಣ್ಣಾಳಿಗೂ ಗಂಡಾಳಿನಷ್ಟೇ ಕೂಲಿ ಸಿಕ್ಕಿತು. 1986ರ ಜನವರಿಯಲ್ಲಿ, ಪೊಂಗಲ್ ಹೊತ್ತಿಗೆ, ಕೆಲಸಕ್ಕೆ ಇಳಿಯದೆ ಬೆಳಗಿನ ಹೊತ್ತು ಪ್ರಾರ್ಥನೆ ಮಾಡುವಂತೆ ಕಾರ್ಮಿಕರಿಗೆ ಕರೆ ಕೊಟ್ಟರು. ಸರ್ಕಾರ ಮಣಿಯಿತು. ಆ ವರ್ಷ ಮತ್ತು 1988ರಲ್ಲಿ ಬಂದ ಕಾನೂನುಗಳಿಂದ ಬಹುಪಾಲು ಜನರಿಗೆ ಪೌರತ್ವ ಸಿಕ್ಕಿತು.

ತೊಂಡಮಾನ್ ತೀರಿಕೊಂಡದ್ದು 1999ರ ಅಕ್ಟೋಬರ್ 30ರಂದು, ತಾವು ಒಪ್ಪದ ಆ ಒಪ್ಪಂದಕ್ಕೆ ಸರಿಯಾಗಿ 35 ವರ್ಷ ತುಂಬಿದ ದಿನ. ಆಗಲೂ ಅವರು ಮಂತ್ರಿಯಾಗಿದ್ದರು. ಇನ್ನೂ ಉಳಿದಿದ್ದವರಿಗೆ 2003ರ ಕಾನೂನು ಪೌರತ್ವ ನೀಡಿತು. ಅಷ್ಟರಲ್ಲಿ ಹಡಗು ಹತ್ತಿದವರ ಮಕ್ಕಳು ನೀಲಗಿರಿಯಲ್ಲೂ ಸುಳ್ಯದಲ್ಲೂ ದೊಡ್ಡವರಾಗಿದ್ದರು. ಒಂದೇ ಲೈನಿನಲ್ಲಿ ಹುಟ್ಟಿದ ಅಣ್ಣ ತಮ್ಮಂದಿರು ಎರಡು ದೇಶದವರಾಗಿದ್ದರು.