ತೂತು ಕಾಸಿನಂಥ ಒಂದು ಬಿಲ್ಲೆ: ಬಿಯಾಟ್ರಿಸ್ ಶಿಲ್ಲಿಂಗ್ ಅವರ ಬದುಕು

ಬಿಯಾಟ್ರಿಸ್ ಶಿಲ್ಲಿಂಗ್ ಹುಟ್ಟಿದ್ದು 1909ರ ಮಾರ್ಚ್ 8ರಂದು, ಇಂಗ್ಲೆಂಡಿನ ಹ್ಯಾಂಪ್‌ಶೈರ್ ಪ್ರಾಂತ್ಯದ ವಾಟರ್‌ಲೂವಿಲ್ ಎಂಬ ಊರಿನಲ್ಲಿ. ತಂದೆ ಮಾಂಸದ ವ್ಯಾಪಾರಿ. ಹದಿನಾಲ್ಕನೇ ವಯಸ್ಸಿಗೇ ಅವರು ಒಂದು ಮೋಟಾರ್‌ಸೈಕಲ್ ಕೊಂಡರು. ಅದನ್ನು ಬಿಚ್ಚುವುದು, ಜೋಡಿಸುವುದು, ಓಡಿಸುವುದು ಅವರ ಆಟವಾಗಿತ್ತು. ದೊಡ್ಡವಳಾದ ಮೇಲೆ ಎಂಜಿನಿಯರ್ ಆಗಬೇಕೆಂದು ಆಗಲೇ ನಿರ್ಧರಿಸಿದ್ದರು.

ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಗೆ ಎಂಜಿನ್ ವಿಷಯ ಯಾಕೆ ಎಂದು ನೀವು ಕೇಳಬಹುದು. ನನ್ನ ಮಾಮುವಿನದು ಒಂದು ಗ್ಯಾರೇಜು. ಭಾನುವಾರಗಳಲ್ಲಿ ಅಲ್ಲಿನ ಬಿಲ್ಲು ಮತ್ತು ಲೆಕ್ಕಪುಸ್ತಕ ಬರೆಯುವವಳು ನಾನು. ಕೆಲವರು ತಮ್ಮ ಟರ್ಬೊ ಕಾರುಗಳನ್ನು ರೇಸ್ ಟ್ರ್ಯಾಕಿಗೆ ಸಿದ್ಧಪಡಿಸಲು ಅಲ್ಲಿಗೆ ತರುತ್ತಾರೆ. ಅವರ ಬಿಲ್ಲಿನಲ್ಲಿ ಪೆಟ್ರೋಲ್ ಪಂಪು, ಇಂಜೆಕ್ಟರು, ಪ್ರೆಶರ್ ರೆಗ್ಯುಲೇಟರು ಎಂದು ಸಾಲುಸಾಲು ಮೊತ್ತ ಇರುತ್ತದೆ. ಇಷ್ಟೆಲ್ಲ ಯಾಕೆ ಎಂದು ಕೇಳಿದಾಗ ಮಾಮು ಸರಳವಾಗಿ ವಿವರಿಸಿದರು. ಟರ್ಬೊ ಎಂಜಿನಿಗೆ ಹೆಚ್ಚು ಗಾಳಿ ತುಂಬುತ್ತದೆ. ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲ್ ಬೇಕು. ಸಾಲದೆ ಹೋದರೆ ಒಳಗೆ ಶಾಖ ಏರಿ ಪಿಸ್ಟನ್ನೇ ಕರಗಬಹುದು. ಹಾಗೆಂದು ಮಿತಿಮೀರಿ ಸುರಿದರೆ ಎಂಜಿನ್ ಕೆಮ್ಮಿ ಹೊಗೆ ಉಗುಳುತ್ತದೆ. ಎಷ್ಟು ಬೇಕೋ ಅಷ್ಟು ಕೊಡುವುದೇ ಇಡೀ ಕೆಲಸ. ಈ ಲೆಕ್ಕವನ್ನು ಯುದ್ಧಕಾಲದಲ್ಲಿ ಮಾಡಿ ತೋರಿಸಿದವರು ಶಿಲ್ಲಿಂಗ್. ಆ ಮಾತಿನಿಂದಲೇ ನಾನು ಅವರ ಬಗ್ಗೆ ಹುಡುಕಿ ಓದತೊಡಗಿದೆ.

ಶಾಲೆ ಮುಗಿದ ಮೇಲೆ ಶಿಲ್ಲಿಂಗ್ ಒಂದು ವಿದ್ಯುತ್ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. ಹಳ್ಳಿಗಳ ಮನೆಗಳಿಗೆ ವೈರಿಂಗ್ ಮಾಡುವುದು, ಜನರೇಟರ್ ಕೂರಿಸುವುದು ಆ ಸಂಸ್ಥೆಯ ಕೆಲಸ. ಅದರ ಒಡತಿ ಮಾರ್ಗರೆಟ್ ಪಾರ್ಟ್ರಿಜ್ ಸ್ವತಃ ಎಂಜಿನಿಯರ್. ಮೂರು ವರ್ಷ ಈ ಹುಡುಗಿಯ ಕೈಗುಣ ನೋಡಿದ ಅವರು, ವಿಶ್ವವಿದ್ಯಾಲಯಕ್ಕೆ ಹೋಗಿ ಓದುವಂತೆ ಒತ್ತಾಯಿಸಿದರು. ಶಿಲ್ಲಿಂಗ್ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸೇರಿದರು. ತರಗತಿಯಲ್ಲಿ ಹೆಣ್ಣುಮಕ್ಕಳು ಇಬ್ಬರೇ. 1932ರಲ್ಲಿ ಪದವಿ ಪಡೆದು, ಅಲ್ಲಿಯೇ ಮೆಕ್ಯಾನಿಕಲ್ ವಿಷಯದಲ್ಲಿ ಸ್ನಾತಕೋತ್ತರ ಪದವಿಯನ್ನೂ ಮುಗಿಸಿದರು. ಆಮೇಲೆ ಬರ್ಮಿಂಗ್‌ಹ್ಯಾಮಿನಲ್ಲಿ ಸೂಪರ್‌ಚಾರ್ಜ್ ಆದ ಎಂಜಿನುಗಳ ಸಂಶೋಧನೆಯಲ್ಲಿ ಸಹಾಯಕಿಯಾದರು. ಸೂಪರ್‌ಚಾರ್ಜರ್ ಟರ್ಬೊವಿನ ಅಣ್ಣನಿದ್ದ ಹಾಗೆ. ಟರ್ಬೊ ತಿರುಗುವುದು ಹೊಗೆಯ ರಭಸದಿಂದ, ಇದು ತಿರುಗುವುದು ಎಂಜಿನಿನ ಹಲ್ಲುಚಕ್ರದಿಂದ. ಗಾಳಿಯನ್ನು ಒತ್ತಿ ತುಂಬುವ ಕೆಲಸ ಎರಡಕ್ಕೂ ಒಂದೇ.

ಓದಿನ ಜೊತೆ ರೇಸು ಕೂಡ ನಡೆದಿತ್ತು. ಆಗ ಇಂಗ್ಲೆಂಡಿನಲ್ಲಿ ಬ್ರೂಕ್‌ಲ್ಯಾಂಡ್ಸ್ ಎಂಬ ಕಾಂಕ್ರೀಟಿನ ರೇಸ್ ಟ್ರ್ಯಾಕ್ ಇತ್ತು. ಅಲ್ಲಿ ರೇಸಿನಲ್ಲಿ ಗಂಟೆಗೆ 100 ಮೈಲಿಗಿಂತ ವೇಗವಾಗಿ ಒಂದು ಸುತ್ತು ಮುಗಿಸಿದ ಮೋಟಾರ್‌ಸೈಕಲ್ ಸವಾರರಿಗೆ ಚಿನ್ನದ ನಕ್ಷತ್ರದ ಪದಕ ಕೊಡುತ್ತಿದ್ದರು. ಶಿಲ್ಲಿಂಗ್ 1934ರಲ್ಲಿ ತಮ್ಮ 500 ಸಿಸಿ ನಾರ್ಟನ್ ಮೇಲೆ 106 ಮೈಲಿ, ಅಂದರೆ ಸುಮಾರು 170 ಕಿಲೋಮೀಟರ್ ವೇಗದಲ್ಲಿ ಸುತ್ತಿ ಆ ಪದಕ ಗೆದ್ದರು. ಅದನ್ನು ಪಡೆದ ಮಹಿಳೆಯರು ಒಟ್ಟು ಮೂವರೇ. 1936ರಲ್ಲಿ ಅವರು ಫಾರ್ನ್‌ಬರೋದಲ್ಲಿದ್ದ ಸರ್ಕಾರಿ ವಿಮಾನ ಸಂಶೋಧನಾ ಕೇಂದ್ರವನ್ನು ಸೇರಿದರು. 1938ರಲ್ಲಿ ಅಲ್ಲಿಯೇ ಕೆಲಸದಲ್ಲಿದ್ದ ಜಾರ್ಜ್ ನೇಲರ್ ಅವರನ್ನು ಮದುವೆಯಾದರು.

1939ರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಬ್ರಿಟನ್ನಿನ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳಲ್ಲಿದ್ದುದು ರೋಲ್ಸ್ ರಾಯ್ಸ್ ಕಂಪನಿಯ ಮರ್ಲಿನ್ ಎಂಜಿನ್. ಹನ್ನೆರಡು ಸಿಲಿಂಡರ್, 27 ಲೀಟರ್, ಜೊತೆಗೆ ಸೂಪರ್‌ಚಾರ್ಜರ್. ಎಂಜಿನ್ ಶಕ್ತಿಶಾಲಿಯೇ, ಆದರೆ ಅದಕ್ಕೊಂದು ಕಾಯಿಲೆ ಇತ್ತು. ಪೈಲಟ್ ವಿಮಾನದ ಮೂತಿಯನ್ನು ದಿಢೀರನೆ ಕೆಳಕ್ಕೆ ಬಾಗಿಸಿದರೆ ಎಂಜಿನ್ ನಿಂತುಬಿಡುತ್ತಿತ್ತು. ಜರ್ಮನ್ ವಿಮಾನಗಳ ಎಂಜಿನಿಗೆ ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಚುಚ್ಚುವ ವ್ಯವಸ್ಥೆಯಿದ್ದುದರಿಂದ ಅವಕ್ಕೆ ಈ ತೊಂದರೆ ಇರಲಿಲ್ಲ. ಶತ್ರು ಪೈಲಟ್ ಕೆಳಕ್ಕೆ ಧುಮುಕಿ ತಪ್ಪಿಸಿಕೊಳ್ಳುತ್ತಿದ್ದ. ಬೆನ್ನಟ್ಟುವವನು ಮೊದಲು ವಿಮಾನವನ್ನು ಮಗುಚಿ, ಆಮೇಲೆ ಧುಮುಕಬೇಕಿತ್ತು. ಅಷ್ಟರಲ್ಲಿ ಶತ್ರು ದೂರ ಹೋಗಿರುತ್ತಿದ್ದ. ತಾನೇ ತಪ್ಪಿಸಿಕೊಳ್ಳಬೇಕಾದಾಗ ಎಂಜಿನ್ ನಿಂತರೆ ಪೈಲಟ್ಟಿನ ಜೀವವೇ ಹೋಗಬಹುದಿತ್ತು.

ಹಾಗಾದರೆ ರೋಲ್ಸ್ ರಾಯ್ಸಿನವರು ಇಂಜೆಕ್ಷನ್ ಬಿಟ್ಟು ಕಾರ್ಬ್ಯುರೇಟರ್ ಯಾಕೆ ಇಟ್ಟಿದ್ದರು? ಅದಕ್ಕೂ ಕಾರಣವಿತ್ತು. ಪೆಟ್ರೋಲ್ ಗಾಳಿಯಲ್ಲಿ ಆವಿಯಾಗುವಾಗ ಗಾಳಿ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಸಾಂದ್ರವಾಗಿರುವುದರಿಂದ ಎಂಜಿನಿಗೆ ಹೆಚ್ಚು ಶಕ್ತಿ ಸಿಗುತ್ತದೆ. ಇಂದಿನ ಟರ್ಬೊ ಕಾರುಗಳಲ್ಲಿ ಗಾಳಿಯನ್ನು ತಣಿಸಲು ಇಂಟರ್‌ಕೂಲರ್ ಇಡುವುದೂ ಇದೇ ಕಾರಣಕ್ಕೆ.

ಕಾಯಿಲೆಯ ಮೂಲ ಅರ್ಥವಾಗಬೇಕಾದರೆ ನಮ್ಮ ಮನೆಯ ಮೇಲಿನ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ನೀರು ತುಂಬಿದಂತೆ ತೇಲುವ ಚೆಂಡು ಮೇಲೆದ್ದು ನಲ್ಲಿಯನ್ನು ಮುಚ್ಚುತ್ತದೆ. ಕಾರ್ಬ್ಯುರೇಟರಿನಲ್ಲೂ ಅಂಥದೇ ತೇಲುವ ಚೆಂಡು ಇರುತ್ತದೆ. ವಿಮಾನ ತಟ್ಟನೆ ಕೆಳಕ್ಕೆ ಬಾಗಿದಾಗ ಪೆಟ್ರೋಲೆಲ್ಲ ಮೇಲಕ್ಕೆ ಚಿಮ್ಮುತ್ತದೆ. ತಳದ ರಂಧ್ರಕ್ಕೆ ಪೆಟ್ರೋಲ್ ಸಿಗದೆ ಎಂಜಿನ್ ಒಂದು ಕ್ಷಣ ತಡವರಿಸುತ್ತದೆ. ಇದು ಮೊದಲ ಹಂತ. ಎರಡನೆಯದು ಇನ್ನೂ ಕೆಟ್ಟದ್ದು. ಚೆಂಡು ತನ್ನ ಜಾಗ ತಪ್ಪಿ ನಲ್ಲಿ ಪೂರ್ತಿ ತೆರೆದುಕೊಳ್ಳುತ್ತದೆ. ಪಂಪು ತನ್ನ ಶಕ್ತಿಯಿದ್ದಷ್ಟೂ ಪೆಟ್ರೋಲನ್ನು ಒಳಗೆ ನುಗ್ಗಿಸುತ್ತದೆ. ಎಂಜಿನ್ ಪೆಟ್ರೋಲಿನಲ್ಲಿ ಮುಳುಗಿ, ಕಪ್ಪು ಹೊಗೆ ಕಾರಿ ನಿಲ್ಲುತ್ತದೆ.

ಹೊಸ ಕಾರ್ಬ್ಯುರೇಟರ್ ತಯಾರಿಸಲು ವರ್ಷಗಳೇ ಬೇಕಿದ್ದವು. ಶಿಲ್ಲಿಂಗ್ ಕಂಡುಕೊಂಡದ್ದು ಒಂದು ಲೆಕ್ಕ. ಪಂಪು ಕೊಡಬಲ್ಲ ಪೆಟ್ರೋಲು, ಎಂಜಿನ್ ಪೂರ್ಣ ಶಕ್ತಿಯಲ್ಲಿ ಕುಡಿಯುವ ಪೆಟ್ರೋಲಿಗಿಂತ ಬಹಳ ಹೆಚ್ಚು. ಪೂರ್ಣ ಶಕ್ತಿಗೆ ಬೇಕಾದಷ್ಟು ಮಾತ್ರ ಹರಿಯುವಂತೆ ದಾರಿಯನ್ನು ಕಿರಿದು ಮಾಡಿದರೆ? ಆಗ ನಲ್ಲಿ ಪೂರ್ತಿ ತೆರೆದರೂ ಎಂಜಿನ್ ಮುಳುಗುವುದಿಲ್ಲ. ಅವರು ಮಾಡಿದ್ದು ನಡುವೆ ಅಳತೆಯ ರಂಧ್ರವಿರುವ ಒಂದು ಪುಟ್ಟ ಹಿತ್ತಾಳೆಯ ತುಂಡು. ಮೊದಲು ಅದು ಹೊಲಿಗೆಯವರ ಬೆರಳಟೋಪಿಯಂತೆ ಇತ್ತು, ಆಮೇಲೆ ಚಪ್ಪಟೆ ಬಿಲ್ಲೆಯಾಯಿತು. ನನ್ನ ದಾದಿಯ ಡಬ್ಬಿಯಲ್ಲಿ ಬ್ರಿಟಿಷರ ಕಾಲದ ತೂತು ಕಾಸು ಒಂದಿದೆ. ಬಿಲ್ಲೆಯ ವಿವರ ಓದಿದಾಗ ನನಗೆ ಅದೇ ನೆನಪಾಯಿತು. ಎಂಜಿನಿನ ಬೂಸ್ಟ್ 12 ಪೌಂಡ್ ಇದ್ದರೆ ಒಂದು ಅಳತೆ, 15 ಪೌಂಡ್ ಇದ್ದರೆ ಇನ್ನೊಂದು. ವಿಮಾನವನ್ನು ಸೇವೆಯಿಂದ ಇಳಿಸದೆಯೇ ಅದನ್ನು ಪೆಟ್ರೋಲ್ ಕೊಳವೆಯಲ್ಲಿ ಕೂರಿಸಬಹುದಿತ್ತು.

1941ರ ಆರಂಭದಲ್ಲಿ ಶಿಲ್ಲಿಂಗ್ ಒಂದು ಸಣ್ಣ ತಂಡದೊಂದಿಗೆ ವಾಯುನೆಲೆಯಿಂದ ವಾಯುನೆಲೆಗೆ ಹೋಗಿ ಬಿಲ್ಲೆಗಳನ್ನು ಹಾಕಿಸಿದರು. ಮಾರ್ಚ್ ಹೊತ್ತಿಗೆ ಬ್ರಿಟನ್ನಿನ ಯುದ್ಧ ವಿಮಾನ ಪಡೆಯುದ್ದಕ್ಕೂ ಅದು ತಲುಪಿತ್ತು. ಪೈಲಟ್ಟುಗಳು ಅದನ್ನು ಅವರ ಹೆಸರಿನಿಂದಲೇ ಕರೆದರು. 1940ರ ಬ್ರಿಟನ್ ಕದನವನ್ನು ಈ ಬಿಲ್ಲೆಯೇ ಗೆಲ್ಲಿಸಿತು ಎಂದು ಕೆಲವರು ಹೇಳುವುದುಂಟು. ತಾರೀಖು ನೋಡಿದರೆ ಅದು ಸರಿಯಲ್ಲ, ಆ ಕದನ ಅಷ್ಟರಲ್ಲಿ ಮುಗಿದಿತ್ತು. ಮೊದಲ ಹಂತದ ತಡವರಿಕೆಯೂ ಪೂರ್ತಿ ಹೋಗಲಿಲ್ಲ. ಆದರೆ ಹೊಸ ಮಾದರಿಯ ಕಾರ್ಬ್ಯುರೇಟರ್ ಬರುವವರೆಗೆ, ಗಾಳಿಯಲ್ಲಿ ಎಂಜಿನ್ ನಿಲ್ಲುವ ಭಯದಿಂದ ಎಷ್ಟೋ ಪೈಲಟ್ಟುಗಳನ್ನು ಈ ಬಿಲ್ಲೆ ಕಾಪಾಡಿತು. ಅಷ್ಟು ಹೇಳಿದರೆ ಸಾಕು, ಹೆಚ್ಚು ಸೇರಿಸುವ ಅಗತ್ಯವಿಲ್ಲ.

ಯುದ್ಧದ ನಂತರ ಶಿಲ್ಲಿಂಗ್ ಬ್ಲೂ ಸ್ಟ್ರೀಕ್ ಕ್ಷಿಪಣಿಯ ಮೇಲೆ, ಮಳೆಯಲ್ಲಿ ಒದ್ದೆಯಾದ ರನ್‌ವೇ ಮೇಲೆ ವಿಮಾನ ಬ್ರೇಕ್ ಹಾಕುವುದರ ಮೇಲೆ ಕೆಲಸ ಮಾಡಿದರು. ಗಂಡ ಹೆಂಡತಿ ಸೇರಿ ಕಾರುಗಳನ್ನು ತಾವೇ ಸಿದ್ಧಪಡಿಸಿ ರೇಸಿಗೆ ಇಳಿಸುತ್ತಿದ್ದರು. ಸರ್ಕಾರ ಅವರಿಗೆ ಒಬಿಇ ಗೌರವ ನೀಡಿತು. 1969ರವರೆಗೂ ಅದೇ ಕೇಂದ್ರದಲ್ಲಿ ದುಡಿದು ನಿವೃತ್ತರಾದರು. 1990ರ ನವೆಂಬರ್‌ನಲ್ಲಿ ತೀರಿಕೊಂಡರು.

ಇವರ ಬದುಕಿನಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮಾರ್ಗರೆಟ್ ಪಾರ್ಟ್ರಿಜ್ ಅವರ ಭಾಗ. ವೈರಿಂಗ್ ಮಾಡುತ್ತಿದ್ದ ಹುಡುಗಿಗೆ ಓದು ಎಂದು ಹೇಳಲು ಒಬ್ಬರು ಇದ್ದರು. ನಮ್ಮ ಮನೆಯಲ್ಲಿ ಈಗ ಇದೇ ಮಾತು ನಡೆಯುತ್ತಿದೆ. ಹತ್ತನೇ ತರಗತಿ ಮುಗಿಸಿದ ನನ್ನ ತಂಗಿ ಆಟೊಮೊಬೈಲ್ ಡಿಪ್ಲೊಮಾ ಸೇರುತ್ತೇನೆ ಎನ್ನುತ್ತಿದ್ದಾಳೆ. ಅಮ್ಮಿಗೆ ಇಷ್ಟವಿಲ್ಲ. ಅಬ್ಬಾ ಇನ್ನೂ ಏನೂ ಹೇಳಿಲ್ಲ. ಅವರು ದಿನವೂ ಓದುವುದು ಉರ್ದು ಪತ್ರಿಕೆ, ಕನ್ನಡ ಓದುವುದು ಸ್ವಲ್ಪ ನಿಧಾನ. ಈ ಲೇಖನವನ್ನು ಅವರಿಗೆ ನಾನೇ ಓದಿ ಹೇಳುತ್ತೇನೆ.