ಮನೆಯ ನೀರು ಕೊಟ್ಟ ತಾಯಿ

ಉಪಕಾರ ಮಾಡೋಕೆ ದುಡ್ಡಿರಬೇಕು ಅಂತ ತುಂಬಾ ಜನ ಹೇಳ್ತಾರೆ. ಸಾವಿತ್ರಿಬಾಯಿ ಫುಲೆ ಅವರ ಜೀವನ ನೋಡಿದರೆ ಹಾಗಲ್ಲ ಅಂತ ಗೊತ್ತಾಗುತ್ತೆ.

ಅವರು 1831ರ ಜನವರಿ 3ರಂದು ಮಹಾರಾಷ್ಟ್ರದ ನಾಯಗಾಂವ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಚಿಕ್ಕ ವಯಸ್ಸಿನಲ್ಲೇ ಜ್ಯೋತಿಬಾ ಫುಲೆ ಅವರೊಂದಿಗೆ ಮದುವೆಯಾಯಿತು. ಆಗ ಸಾವಿತ್ರಿಬಾಯಿಗೆ ಓದು ಬರಹ ಬರುತ್ತಿರಲಿಲ್ಲ. ಗಂಡನೇ ಅಕ್ಷರ ಕಲಿಸಿದರು. ಕಲಿತದ್ದನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. 1848ರಲ್ಲಿ ಇಬ್ಬರೂ ಸೇರಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ದಾರಿಯಲ್ಲಿ ಜನ ಸಾವಿತ್ರಿಬಾಯಿ ಮೇಲೆ ಸೆಗಣಿ, ಮಣ್ಣು ಎರಚುತ್ತಿದ್ದರು. ಅವರು ಇನ್ನೊಂದು ಸೀರೆ ಒಯ್ದು, ಶಾಲೆಯಲ್ಲಿ ಉಟ್ಟುಕೊಂಡು ಪಾಠ ಮಾಡಿದರು. ಶಾಲೆ ಮಾತ್ರ ಬಿಡಲಿಲ್ಲ.

ಅಸ್ಪೃಶ್ಯರೆಂದು ದೂರ ಇಟ್ಟವರಿಗೆ ಆಗ ಊರ ಬಾವಿಯ ನೀರು ಮುಟ್ಟಲು ಬಿಡುತ್ತಿರಲಿಲ್ಲ. 1868ರಲ್ಲಿ ಫುಲೆ ದಂಪತಿಗಳು ತಮ್ಮ ಮನೆಯ ನೀರನ್ನೇ ಅವರಿಗೆ ಬಿಟ್ಟುಕೊಟ್ಟರು. ದಿಕ್ಕಿಲ್ಲದ ಗರ್ಭಿಣಿ ವಿಧವೆಯರಿಗೆ ಆಸರೆ ಕೊಟ್ಟರು. ಅಂಥ ಒಬ್ಬ ತಾಯಿಯ ಮಗ ಯಶವಂತನನ್ನು ದತ್ತು ತಗೊಂಡು ಸಾಕಿ, ಡಾಕ್ಟರ್ ಮಾಡಿದರು.

1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿತು. ಯಶವಂತ ಊರ ಹೊರಗೆ ರೋಗಿಗಳಿಗೆ ಔಷಧಿ ಕೊಡುತ್ತಿದ್ದರು. ಪ್ಲೇಗು ಬಂದ ಒಬ್ಬ ಹುಡುಗನನ್ನು ಸಾವಿತ್ರಿಬಾಯಿ ತಾವೇ ಹೊತ್ತುಕೊಂಡು ಅಲ್ಲಿಗೆ ತಂದರು. ಅದೇ ರೋಗ ಅವರಿಗೂ ಅಂಟಿತು. ಮಾರ್ಚ್ 10ರಂದು ತೀರಿಕೊಂಡರು. ಆಗ ಅವರಿಗೆ 66 ವರ್ಷ.

ಅಕ್ಷರ, ನೀರು, ಜಾಗ, ಹೆಗಲು. ಅವರು ಕೊಟ್ಟಿದ್ದು ಇಷ್ಟೇ, ತಮ್ಮ ಹತ್ತಿರ ಇದ್ದದ್ದು. ನಮ್ಮ ಹತ್ತಿರವೂ ಇವೆಲ್ಲ ಇವೆಯಲ್ಲವೇ? ಬಾಯಾರಿ ಬಂದವರಿಗೆ ಜಾತಿ ಕೇಳದೆ ಒಂದು ಲೋಟ ನೀರು ಕೊಡೋಣ. ಓದಲು ಬಾರದ ಅಜ್ಜಿಗೆ ಕಾಗದ ಓದಿ ಹೇಳೋಣ. ಯಾರೂ ಸೇರಿಸಿಕೊಳ್ಳದ ಗೆಳತಿಯನ್ನು ನಮ್ಮ ಪಕ್ಕ ಕೂರಿಸಿಕೊಳ್ಳೋಣ.