ಪಾಡ್ದನವನ್ನು ಪಾಠಶಾಲೆಗೆ ತಂದ ಪಂಜೆ ಮಂಗೇಶರಾಯರು

ಕನ್ನಡ ಶಾಲೆಯ ಮೆಟ್ಟಿಲನ್ನು ಏರಿದವರಲ್ಲಿ ಪಂಜೆ ಮಂಗೇಶರಾಯರ ಒಂದಾದರೂ ಪದ್ಯವನ್ನು ಬಾಯಿಪಾಠ ಮಾಡದವರು ವಿರಳ. ನಾಗರಹಾವನ್ನು ಕುರಿತ ಅವರ ಹಾಡನ್ನು ಬಲ್ಲ ಎಷ್ಟೋ ಮಂದಿ ಅದನ್ನು ಬರೆದವರ ಹೆಸರನ್ನು ಅರಿಯರು. ಹಾಡು ಜನರ ಸ್ವತ್ತಾಗಿ ಕವಿಯ ಹೆಸರು ಹಿಂದೆ ಸರಿಯುವುದು ಒಂದು ಬಗೆಯ ಗೌರವವೇ ಸರಿ. ಆದರೆ ರಾಯರು ನಮ್ಮ ಜಿಲ್ಲೆಯ ಜನತೆಗೆ ಮಾಡಿದ ಇನ್ನೊಂದು ಉಪಕಾರವುಂಟು. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಬಾಯಲ್ಲಿದ್ದ ಕಥೆಯೊಂದನ್ನು ಅವರು ಪುಸ್ತಕವಾಗಿಸಿ ಮಕ್ಕಳ ಕೈಗಿತ್ತರು. ಊರು ಬಿಟ್ಟು ಬಂದು ಮುಂಬಯಿಯಲ್ಲಿ ದುಡಿಯುವ ನಾವು ಆ ಉಪಕಾರವನ್ನು ಮರೆಯಲಾಗದು.

ಮಂಗೇಶರಾಯರು 1874ರ ಫೆಬ್ರವರಿ 22ರಂದು ಬಂಟವಾಳದಲ್ಲಿ ಜನಿಸಿದರು. ತಂದೆ ರಾಮಪ್ಪಯ್ಯನವರು, ತಾಯಿ ಸೀತಮ್ಮನವರು. ಅವರ ಹಿರಿಯರು ಸುಬ್ರಹ್ಮಣ್ಯದ ಸಮೀಪದ ಪಂಜ ಎಂಬ ಊರಿನವರಾದುದರಿಂದ ಮನೆತನಕ್ಕೆ ಪಂಜೆ ಎಂಬ ಹೆಸರು ನಿಂತಿತು. ಮನೆಯ ಮಾತು ಕೊಂಕಣಿ, ಅಂಗಳದಾಚೆಯ ಮಾತು ತುಳು, ಶಾಲೆಯ ಮಾತು ಕನ್ನಡ. ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಸರಕಾರದ ಕೆಲಸಕ್ಕೆ ಇಂಗ್ಲಿಷ್ ಬೇಕು. ಮನೆಯಲ್ಲಿ ಒಂದು, ಗಲ್ಲೆಯಲ್ಲಿ ಒಂದು, ಬೀದಿಯಲ್ಲಿ ಮತ್ತೊಂದು ಭಾಷೆಯಾಡುವ ನಮ್ಮವರಿಗೆ ಈ ಸ್ಥಿತಿ ಹೊಸದೇನಲ್ಲ.

ವಿದ್ಯಾಭ್ಯಾಸದ ಬಳಿಕ ರಾಯರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಮುಂದೆ ಶಾಲೆಗಳ ತನಿಖಾಧಿಕಾರಿಯಾದರು, ಮಡಿಕೇರಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರೂ ಆದರು. ಮಕ್ಕಳಿಗೆ ಓದಲು ತಕ್ಕ ಪುಸ್ತಕಗಳು ಆಗ ತೀರ ಕಡಿಮೆ. ಹಳಗನ್ನಡದ ಕಠಿಣ ಪದ್ಯಗಳನ್ನು ಎಳೆಯರ ಬಾಯಿಗೆ ತುರುಕುವುದೇ ಪಾಠವೆಂಬ ಭಾವನೆಯಿದ್ದಿತು. ಈ ಕೊರತೆಯನ್ನು ರಾಯರು ತಾವೇ ತುಂಬಹೊರಟರು. ಬಾಸೆಲ್ ಮಿಶನಿನವರು ಹೊರತಂದ ಪದ್ಯಪುಸ್ತಕಗಳ ಮೂಲಕ ಅವರ ಹಾಡುಗಳು ಮನೆಮನೆಯನ್ನು ಹೊಕ್ಕವು. 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಕಟ್ಟಿ ನಡೆಸುವುದರಲ್ಲಿ ಅವರೇ ಮುಂದಾಳುಗಳಾದರು. ಇಷ್ಟು ಮಾಡಿಯೂ ಅವರು ಇಟ್ಟುಕೊಂಡ ಕಾವ್ಯನಾಮ ಕವಿಶಿಷ್ಯ.

ಅವರ ಪದ್ಯಗಳಲ್ಲಿ ಪ್ರಕೃತಿಯು ಬರಿಯ ಅಲಂಕಾರವಾಗಿ ಬರುವುದಿಲ್ಲ. ತೆಂಕಣ ಗಾಳಿಯನ್ನು ಕುರಿತ ಪದ್ಯದಲ್ಲಿ ಕಡಲಿನಿಂದೆದ್ದು ಬರುವ ಬಿರುಗಾಳಿಯ ಸದ್ದೇ ಮಾತಾಗಿ ಕೇಳಿಸುತ್ತದೆ. ಹುತ್ತರಿಯ ಹಾಡಿನಲ್ಲಿ ಕೊಡಗಿನ ಬೆಟ್ಟ, ಗದ್ದೆ, ಜನ ಎಲ್ಲವೂ ಒಂದೇ ಸಂಸಾರವಾಗಿ ನಿಲ್ಲುತ್ತವೆ. ನಾಗರಹಾವಿನ ಪದ್ಯದಲ್ಲಿ ಹಾವನ್ನು ಕಂಡ ಮಗುವು ಕೋಲನ್ನು ಹುಡುಕದೆ ಕೈಮುಗಿಯುತ್ತದೆ. ತುಳುನಾಡಿನ ಹಿರಿಯರು ಊರೂರಿನಲ್ಲಿ ನಾಗಬನವನ್ನು ಬಿಟ್ಟು, ಅಲ್ಲಿಯ ಮರವನ್ನು ಕಡಿಯದೆ ಕಾಪಾಡಿದ ಬಾಳಿನ ರೀತಿಯೇ ಆ ಪುಟ್ಟ ಪದ್ಯದೊಳಗೆ ಅಡಗಿದೆ. ಉಪದೇಶದ ಒಂದು ಮಾತನ್ನೂ ಆಡದೆ ರಾಯರು ಅದನ್ನು ಮಗುವಿಗೆ ತಿಳಿಸಿದರು.

ಗದ್ಯದಲ್ಲಿಯೂ ಅವರು ಮೊದಲಿಗರ ಸಾಲಿಗೆ ಸೇರಿದವರು. ಕನ್ನಡದ ಸಣ್ಣ ಕಥೆಯು ಕಣ್ಣು ತೆರೆಯುತ್ತಿದ್ದ ಕಾಲದಲ್ಲಿ ಬೆನಗಲ್ ರಾಮರಾಯರ ಸುವಾಸಿನಿ ಪತ್ರಿಕೆಯಲ್ಲಿ ಅವರು ಕಥೆಗಳನ್ನು ಬರೆದರು. ಅವರ ಕಥೆಯೊಂದರ ಹೆಸರು ಕಮಲಾಪುರದ ಹೊಟ್ಲಿನಲ್ಲಿ ಎಂದು. ಹೋಟೆಲಿನ ಕಸುಬಿನವರು ಇದನ್ನು ಹೆಮ್ಮೆಯಿಂದ ನೆನೆಯಬಹುದು. ನಮ್ಮ ಹೋಟೆಲು ಕನ್ನಡ ಕಥೆಯನ್ನು ಹೊಕ್ಕುದು ಅಷ್ಟು ಹಿಂದೆಯೇ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. 1924ರಲ್ಲಿ ರಾಯರ ಕೋಟಿ ಚೆನ್ನಯ ಪ್ರಕಟವಾಯಿತು. ತುಳು ಪಾಡ್ದನದಲ್ಲಿದ್ದ ಬಿಲ್ಲವ ವೀರರ ಚರಿತ್ರೆಯನ್ನು ಅವರು ಇದರಲ್ಲಿ ಸರಳ ಕನ್ನಡ ಗದ್ಯಕ್ಕೆ ತಂದರು. ವಿದ್ವಾಂಸರು ಈ ಪಾಡ್ದನಗಳನ್ನು ಅದಕ್ಕೆ ಮೊದಲೇ ಗಮನಿಸಿದ್ದುದುಂಟು. ಬರ್ನೆಲ್ ಎಂಬ ಇಂಗ್ಲಿಷ್ ಅಧಿಕಾರಿಯ ಸಂಗ್ರಹವು 1894ರಿಂದ ಇಂಡಿಯನ್ ಆಂಟಿಕ್ವರಿ ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಪತ್ರಿಕೆ ಹೊರಡುತ್ತಿದ್ದುದು ಇದೇ ಮುಂಬಯಿಯಿಂದ. ಆದರೆ ಅದನ್ನು ಓದಿದವರು ಇಂಗ್ಲಿಷ್ ಬಲ್ಲ ಪಂಡಿತರು ಮಾತ್ರ. ಬೈದ್ಯರ ಕಥೆ ಬೈದ್ಯರ ಮಕ್ಕಳೇ ಓದುವಂತಾದುದು ರಾಯರ ಪುಸ್ತಕದಿಂದ.

ಆ ಕಥೆ ಕತ್ತಿಯಿಂದ ಮೊದಲಾಗುವುದಿಲ್ಲ, ಮದ್ದಿನಿಂದ ಮೊದಲಾಗುತ್ತದೆ. ಪಡುಮಲೆಯ ಪೆರುಮಳ ಬಲ್ಲಾಳನ ಕಾಲಿಗೆ ಮುಳ್ಳು ಹೊಕ್ಕು, ಗಾಯ ಕೊಳೆತು, ಯಾರ ಮದ್ದೂ ನಾಟದೆ ಹೋಯಿತು. ಕಡೆಗೆ ಬೀಡಿನವರು ದೇಯಿ ಬೈದೆತಿಗೆ ಕರೆ ಕಳುಹಿದರು. ಬೈದ್ಯ ಎಂಬ ಹೆಸರಿನಲ್ಲಿಯೇ ವೈದ್ಯವಿದ್ಯೆಯ ನೆನಪಿದೆ. ತುಂಬು ಗರ್ಭಿಣಿಯಾದ ಆಕೆ ಪಡುಮಲೆಗೆ ಹೋಗಿ, ಕಾಡಿನ ಬೇರು ಸೊಪ್ಪುಗಳಿಂದ ದೊರೆಯನ್ನು ಗುಣಪಡಿಸಿದಳು. ಅಲ್ಲಿಯೇ ಅವಳಿಗೆ ಅವಳಿ ಗಂಡುಮಕ್ಕಳು ಹುಟ್ಟಿದರು. ಕೆಲವೇ ದಿನಗಳಲ್ಲಿ ಅವಳು ತೀರಿಕೊಂಡಳು. ದೊರೆಯು ಬದುಕಿದ, ಬದುಕಿಸಿದವಳು ಉಳಿಯಲಿಲ್ಲ. ಅವಳ ಮಕ್ಕಳು ಬೆಳೆದು ತಮಗೆ ಸಲ್ಲತಕ್ಕುದನ್ನು ಕೇಳಿದಾಗ ಬೀಡಿನಲ್ಲಿ ನ್ಯಾಯ ದೊರೆಯಲಿಲ್ಲ. ಗದ್ದೆಯ ನೀರಿನ ಜಗಳವು ಕೊಲೆಯಲ್ಲಿ ಮುಗಿದು, ಅಣ್ಣತಮ್ಮಂದಿರು ಪಡುಮಲೆಯನ್ನು ಬಿಟ್ಟು ಪಂಜಕ್ಕೆ, ಅಲ್ಲಿಂದ ಎಣ್ಮೂರಿಗೆ ಹೋಗಿ, ಕೊನೆಗೆ ಕಾಳಗದಲ್ಲಿ ಮಡಿದರು. ಜನರು ಅವರಿಗೆ ಗರಡಿಗಳನ್ನು ಕಟ್ಟಿ ಪೂಜಿಸಿದರು.

ಕಥೆಯಲ್ಲಿ ಬರುವ ಪಂಜವೇ ರಾಯರ ಹಿರಿಯರ ಊರು ಎಂಬುದು ಗಮನಾರ್ಹ. ಆದರೂ ಅವರು ಬಿಲ್ಲವರಲ್ಲ, ಸಾರಸ್ವತ ಬ್ರಾಹ್ಮಣರು. ಜಾತಿಯ ಗೋಡೆ ಬಲವಾಗಿದ್ದ ಆ ದಿನಗಳಲ್ಲಿ, ದೇವಸ್ಥಾನದ ಹೊರಗೆ ನಿಲ್ಲಬೇಕಾಗಿದ್ದ ಜನರ ವೀರರನ್ನು ಅವರು ಶಾಲೆಯ ಒಳಗೆ ಕೂರಿಸಿದರು. ಇದು ಸಣ್ಣ ಕೆಲಸವಲ್ಲ. ಹಾಗೆಂದು ಎಲ್ಲ ಕೀರ್ತಿಯನ್ನೂ ಅವರೊಬ್ಬರಿಗೇ ಕೊಡುವುದು ನ್ಯಾಯವಾಗದು. ತಲೆತಲಾಂತರದಿಂದ ಕೆಸರಿನಲ್ಲಿ ಬಗ್ಗಿ ನಿಂತು ಆ ಪಾಡ್ದನವನ್ನು ಹಾಡಿ ಉಳಿಸಿದ ಹೆಂಗಸರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಅವರ ರಾಗವೂ ತುಳುವಿನ ಸೊಗಸೂ ಕನ್ನಡ ಗದ್ಯಕ್ಕೆ ಪೂರ್ತಿಯಾಗಿ ಬರಲಾರವು.

ಇದೇ ಕಾಲದಲ್ಲಿ ದೂರದ ಅಮೇರಿಕೆಯಲ್ಲಿಯೂ ಇಂಥದೇ ಕೆಲಸವೊಂದು ನಡೆಯಿತು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಜನರ ವಂಶದಲ್ಲಿ 1891ರಲ್ಲಿ ಹುಟ್ಟಿದ ಝೋರಾ ನೀಲ್ ಹರ್ಸ್ಟನ್ ಎಂಬ ಲೇಖಕಿ, ತನ್ನ ಜನರ ಅಜ್ಜಿಕಥೆಗಳನ್ನೂ ಬೇರುಮದ್ದಿನವರ ಆಚಾರಗಳನ್ನೂ ಕೇಳಿ ಬರೆದು 1935ರಲ್ಲಿ ಗ್ರಂಥವಾಗಿ ಹೊರತಂದಳು. ಆಕೆ ಬಡತನದಲ್ಲಿ 1960ರಲ್ಲಿ ತೀರಿಕೊಂಡಳು. ಗುರುತಿಲ್ಲದೆ ಬಿದ್ದಿದ್ದ ಆಕೆಯ ಸಮಾಧಿಗೆ 1973ರಲ್ಲಿ ಆಲಿಸ್ ವಾಕರ್ ಎಂಬ ಇನ್ನೊಬ್ಬ ಲೇಖಕಿ ಕಲ್ಲು ಹಾಕಿಸಿದಳು. ಆಳುವವರು ಬೆಲೆ ಕೊಡದ ಅರಿವನ್ನು ದುಡಿಯುವವರು ಕಥೆಯಲ್ಲಿ ಬಚ್ಚಿಟ್ಟುಕೊಳ್ಳುವುದು ಎಲ್ಲ ದೇಶಗಳಲ್ಲಿಯೂ ಉಂಟೆಂದು ಇದರಿಂದ ತಿಳಿಯುತ್ತದೆ.

ಮಂಗೇಶರಾಯರಿಗೆ ನಾಡು ಸಕಾಲದಲ್ಲಿ ಗೌರವವನ್ನು ಸಲ್ಲಿಸಿತು. 1934ರಲ್ಲಿ ರಾಯಚೂರಿನಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮಕ್ಕಳಿಗಾಗಿ ಬರೆದವರೊಬ್ಬರು ಆ ಪೀಠವನ್ನೇರಿದುದು ಎಳೆಯರ ಸಾಹಿತ್ಯಕ್ಕೆ ದೊರೆತ ಮನ್ನಣೆಯಾಯಿತು. 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ, ಕಡಲ ಕರೆಯಿಂದ ಬಹು ದೂರದಲ್ಲಿ, ಅವರು ಕಾಲವಾದರು.

ಇಂದು ಪಡುಮಲೆಯಲ್ಲಿ ಅರಣ್ಯ ಇಲಾಖೆಯವರು ಬೆಳೆಸಿದ ಔಷಧಿಯ ವನಕ್ಕೆ ದೇಯಿ ಬೈದೆತಿಯ ಹೆಸರಿದೆ. ಗಾಯ ಕೊಳೆತರೆ, ಹಾವು ಕಚ್ಚಿದರೆ ನಾವು ಆಸ್ಪತ್ರೆಗೆ ಓಡಬೇಕು, ಅದರಲ್ಲಿ ಸಂದೇಹವಿಲ್ಲ. ಆದರೆ ಆ ತಾಯಿಯ ಕಥೆ ವಾಸಿ ಮಾಡುವ ಗಾಯವೇ ಬೇರೆ. ಮೇಜು ಒರೆಸುವವನನ್ನೂ ಲೆಕ್ಕ ಬರೆಯುವವನನ್ನೂ ಕೀಳಾಗಿ ಕಾಣುವ ಈ ಶಹರದಲ್ಲಿ, ದೊರೆಯ ಪ್ರಾಣವನ್ನು ಉಳಿಸಿದ ಕೈ ತನ್ನ ಊರಿನದೇ ಎಂದು ತಿಳಿದ ಮಗುವು ತಲೆ ತಗ್ಗಿಸದು. ಡೊಂಬಿವಲಿಯಲ್ಲೋ ಭಾಂಡೂಪಿನಲ್ಲೋ ಬೆಳೆಯುವ ನಮ್ಮ ಮಕ್ಕಳಿಗೆ ಈ ಕಥೆಯನ್ನು ಹೇಳುವ ಅಜ್ಜಿ ಮನೆಯಲ್ಲಿಲ್ಲ. ಆದುದರಿಂದ ಮುಂದಿನ ರಜೆಯಲ್ಲಿ ಊರಿಗೆ ಹೋದವರು ಮನೆಯ ಹಿರಿಯರ ಬಳಿ ಒಂದು ಗಳಿಗೆ ಕುಳಿತು, ಅವರು ಬಲ್ಲ ಒಂದು ಪಾಡ್ದನವನ್ನೋ ಹಿತ್ತಿಲಿನ ಹತ್ತು ಗಿಡಗಳ ಹೆಸರನ್ನೋ ಬರೆದುಕೊಂಡು ಬರಲಿ. ಪಂಜೆಯವರು ಮಾಡಿದುದು ಅದನ್ನೇ. ಅದಕ್ಕೆ ದೊಡ್ಡ ವಿದ್ಯೆ ಬೇಡ. ಕೇಳುವ ಕಿವಿ ಸಾಕು.